ಒತ್ತಿ ನೋಡಿ, ಆಮೇಲೆ ಕೊಳ್ಳಿ: ಮೆಕ್ಯಾನಿಕಲ್ ಕ್ರೋನೋಗ್ರಾಫ್ ಕೊಳ್ಳುವವರಿಗೆ

ನನ್ನ ಮೊದಲ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡಿದ ವಾಚು, ಬಂದ ದಿನ ಪೊಟ್ಟಣ ಬಿಚ್ಚಿ, ಕೀಲಿ ಕೊಟ್ಟು, ಮೇಲಿನ ಗುಂಡಿ ಒತ್ತಿದೆ. ನಡುವಿನ ಉದ್ದ ಮುಳ್ಳು ಹೊರಟಿತು. ಒಂದು ಸುತ್ತು ಮುಗಿಸಿ ಅರವತ್ತನ್ನು ದಾಟಿತು. ಪಕ್ಕದ ಪುಟ್ಟ ಡಯಲಿನಲ್ಲಿ ನಿಮಿಷ ಎಣಿಸಬೇಕಾಗಿದ್ದ ಮುಳ್ಳು ಇದ್ದಲ್ಲೇ ಇತ್ತು. ಕೆಳಗಿನ ಗುಂಡಿ ಒತ್ತಿದಾಗ ಉದ್ದ ಮುಳ್ಳು ಹಾರಿ ಬಂದು, ಸೊನ್ನೆಯಿಂದ ಎರಡು ಗೆರೆ ಆಚೆ ನಿಂತುಕೊಂಡಿತು. 'ಈಚೆಗಷ್ಟೇ ಸರ್ವೀಸ್ ಆಗಿದೆ' ಎಂದು ಮಾರಿದವರು ಹೇಳಿದ್ದರು. ನಾನು ಫೋಟೊ ನೋಡಿ ಹಣ ಕಳಿಸಿದ್ದೆ. ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು ತೋರಿಸಿದರು: ಎಣ್ಣೆ ಒಣಗಿ ಕಂದು ಅಂಟಾಗಿತ್ತು, ಎರಡು ಸ್ಕ್ರೂಗಳ ತಲೆ ಕಿತ್ತುಹೋಗಿತ್ತು, ನಿಮಿಷದ ಚಕ್ರವನ್ನು ತಳ್ಳುವ ಪುಟ್ಟ ಲೋಹದ ಬೆರಳು ಬಾಗಿತ್ತು.

'ವಾಚು ನೋಡಿ ತಗೊಂಡಿದ್ದೀರಿ, ಕ್ರೋನೋಗ್ರಾಫನ್ನ ಒತ್ತಿ ನೋಡಿಲ್ಲ' ಎಂದರು ಅವರು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಎರಡನೆಯ ಸಲ ಕೊಳ್ಳುವ ಹೊತ್ತಿಗೆ ಒಂದು ಕ್ರಮ ಮಾಡಿಕೊಂಡೆ. ಹದಿನಾಲ್ಕು ತಿಂಗಳು ಹುಡುಕಿ, ಒಂದೇ ವಾಚನ್ನು ಮೂರು ಸಲ ಹೋಗಿ ನೋಡಿ, 1970ರ ದಶಕದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ ತೆಗೆದುಕೊಂಡೆ. ಇದನ್ನು ಬರೆಯುವಾಗ ಅದು ನನ್ನ ಕೈಯಲ್ಲೇ ಇದೆ. ನೀವು ಕೊಳ್ಳುವುದು ಬೇರೆ ಕಂಪನಿಯದಾಗಿರಬಹುದು, ಹೊಚ್ಚ ಹೊಸದಾಗಿರಬಹುದು. ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು: ಒಳಗೆ ಏನು ನಡೆಯುತ್ತದೆ ಎಂದು ತಿಳಿಯಿರಿ

ಹೊತ್ತು ತೋರಿಸುವ ಗಡಿಯಾರದ ಮೇಲೆ ಇನ್ನೊಂದು ಯಂತ್ರವನ್ನು ಕೂರಿಸಿದರೆ ಕ್ರೋನೋಗ್ರಾಫ್. ಗ್ರೀಕಿನಲ್ಲಿ ಈ ಹೆಸರಿಗೆ 'ಕಾಲವನ್ನು ಬರೆಯುವುದು' ಎಂದರ್ಥ. 1821ರಲ್ಲಿ ನಿಕೋಲಾ ರ್‍ಯೂಸೆಕ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಪ್ಯಾರಿಸ್ಸಿನ ಕುದುರೆ ಪಂದ್ಯಕ್ಕೆ ತಂದ ಯಂತ್ರ ನಿಜಕ್ಕೂ ಬರೆಯುತ್ತಿತ್ತು, ಗುಂಡಿ ಒತ್ತಿದರೆ ಡಯಲಿನ ಮೇಲೆ ಶಾಯಿಯ ಚುಕ್ಕೆ ಬೀಳುತ್ತಿತ್ತು. ಅದಕ್ಕೂ ಮೊದಲೇ, 1816ರಲ್ಲಿ, ಲೂಯಿ ಮೊಯ್ನೆ ನಕ್ಷತ್ರ ವೀಕ್ಷಣೆಗಾಗಿ ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಅಳೆಯುವ ಉಪಕರಣ ಮಾಡಿಟ್ಟಿದ್ದ.

ಕೊಳ್ಳುವವರಿಗೆ ಈ ಯಂತ್ರದ ಮೂರು ಭಾಗ ಗೊತ್ತಿದ್ದರೆ ಸಾಕು.

ಒಂದು, ಹೃದಯದ ಆಕಾರದ ಕ್ಯಾಮ್. 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಈ ತುಣುಕು ಇಂದಿಗೂ ಹಾಗೆಯೇ ಉಳಿದಿದೆ. ಮುಳ್ಳಿನ ಅಚ್ಚಿನ ಮೇಲೆ ಹೃದಯದಂಥ ಬಿಲ್ಲೆ ಕೂತಿರುತ್ತದೆ. ಕೆಳಗಿನ ಗುಂಡಿ ಒತ್ತಿದಾಗ ಸುತ್ತಿಗೆಯಂಥ ಒಂದು ಸನ್ನೆ ಬಂದು ಅದರ ಅಂಚಿಗೆ ಬಡಿಯುತ್ತದೆ. ಹೊಡೆತ ಎಲ್ಲಿ ಬಿದ್ದರೂ ಬಿಲ್ಲೆ ತಿರುಗಿ ತಿರುಗಿ ತನ್ನ ತಗ್ಗಿಗೇ ಬಂದು ನಿಲ್ಲುತ್ತದೆ. ಮುಳ್ಳು ಸೊನ್ನೆಗೆ ಮರಳುವುದು ಹೀಗೆ. ಇದನ್ನು ಒಮ್ಮೆ ಬಿಚ್ಚಿದ ವಾಚಿನಲ್ಲಿ ಕಣ್ಣಾರೆ ನೋಡಿದ ಮೇಲೆ, ಪ್ರತಿ ಸಲ ಗುಂಡಿ ಒತ್ತುವಾಗಲೂ ನನಗೆ ಆ ಪುಟ್ಟ ಹೃದಯ ನೆನಪಾಗುತ್ತದೆ.

ಎರಡು, ಕ್ಲಚ್. ವಾಹನದಲ್ಲಿರುವಂತೆಯೇ, ಸದಾ ಓಡುತ್ತಿರುವ ಯಂತ್ರಕ್ಕೆ ನಿಂತಿರುವ ಮುಳ್ಳನ್ನು ಜೋಡಿಸುವ ಕೆಲಸ ಇದರದು. ಹಳೆಯ ಪದ್ಧತಿಯಲ್ಲಿ ಒಂದು ಹಲ್ಲಿನ ಚಕ್ರ ಪಕ್ಕದಿಂದ ಸರಿದು ಬಂದು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಇದು ಅಡ್ಡ ಕ್ಲಚ್. ಹಲ್ಲಿಗೆ ಹಲ್ಲು ಸರಿಯಾಗಿ ಸಿಗದಿದ್ದರೆ ಹೊರಡುವಾಗ ಮುಳ್ಳು ಚೂರು ಕುಪ್ಪಳಿಸುತ್ತದೆ. ಒಂದರ ಮೇಲೊಂದು ಬಿಲ್ಲೆಗಳನ್ನು ಒತ್ತಿ ಹಿಡಿಯುವ ಲಂಬ ಕ್ಲಚ್ಚಿನಲ್ಲಿ ಆ ಕುಪ್ಪಳಿಕೆ ಇಲ್ಲ. ರೋಲೆಕ್ಸ್ ಡೇಟೋನಾದಲ್ಲಿ 2000ನೇ ಇಸವಿಯಿಂದ ಇರುವುದು ಲಂಬ ಕ್ಲಚ್. ಜರ್ಮನಿಯ ಲಾಂಗೆ ಕಂಪನಿಯ ಡಾಟೋಗ್ರಾಫಿನಲ್ಲಿ ಅಡ್ಡ ಕ್ಲಚ್. ಹಿಂಬದಿಯ ಗಾಜಿನಿಂದ ಆ ಚಕ್ರ ಸರಿದು ಕಚ್ಚುವುದನ್ನು ನೋಡುವುದಕ್ಕಾಗಿಯೇ ಅದನ್ನು ಕೊಳ್ಳುವವರಿದ್ದಾರೆ.

ಮೂರು, ಆಜ್ಞೆ ಕೊಡುವ ಭಾಗ. ಕೋಟೆಯ ತೆನೆಗಳಂತೆ ಸುತ್ತಲೂ ಕಂಬಗಳಿರುವ ಚಕ್ರವಿದ್ದರೆ ಅದು ಕಾಲಮ್ ವೀಲ್. ಒತ್ತಿದರೆ ಗುಂಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅದರ ಜಾಗದಲ್ಲಿ ಪದರ ಪದರವಾದ ಕ್ಯಾಮ್ ಇದ್ದರೆ ಶುರು ಮಾಡುವ ಗುಂಡಿ ಸ್ವಲ್ಪ ಗಟ್ಟಿ. ಕಾಲಮ್ ವೀಲ್ ಶ್ರೇಷ್ಠ, ಕ್ಯಾಮ್ ಕನಿಷ್ಠ ಎಂದು ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸ್ಪೀಡ್‌ಮಾಸ್ಟರ್‌ನಲ್ಲಿ ಮೊದಲಿದ್ದ 321 ಕ್ಯಾಲಿಬರ್ (ಒಳಗಿನ ಯಂತ್ರದ ಮಾದರಿ) ಕಾಲಮ್ ವೀಲಿನದು, 1968ರಿಂದ ಬಂದ 861 ಕ್ಯಾಮಿನದು. ಎರಡನ್ನೂ ಬಿಚ್ಚಿ ಜೋಡಿಸಿದ ರಿಪೇರಿಯವರನ್ನು ಕೇಳಿ, ದಿನಬಳಕೆಗೆ ಯಾವುದು ಗಟ್ಟಿಮುಟ್ಟು ಎಂದು.

ಯಾವುದು ಬೇಕು ಎಂದು ಮೂವ್‌ಮೆಂಟಿನಿಂದ ಶುರು ಮಾಡಿ

ಡಯಲಿನ ಮೇಲಿನ ಹೆಸರಿಗಿಂತ ಮೊದಲು ಒಳಗಿನ ಮೂವ್‌ಮೆಂಟಿನ (ವಾಚನ್ನು ಓಡಿಸುವ ಯಂತ್ರದ) ವಂಶಾವಳಿ ಓದಿ. ಕೈಯಿಂದ ಕೀಲಿ ಕೊಡುವುದು ಬೇಕೋ, ಕೈಯ ಅಲುಗಾಟಕ್ಕೆ ತಾನೇ ಕೀಲಿ ತುಂಬಿಕೊಳ್ಳುವ ಆಟೋಮ್ಯಾಟಿಕ್ ಬೇಕೋ ಎಂಬುದು ಮೊದಲ ಕವಲು. 1969ರವರೆಗೆ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಎಂಬುದೇ ಇರಲಿಲ್ಲ. ಆ ಒಂದೇ ವರ್ಷದಲ್ಲಿ ಮೂರು ಬಂದವು: ಜನವರಿಯಲ್ಲಿ ಜೆನಿತ್ ತನ್ನ ಎಲ್ ಪ್ರೈಮೆರೊ ತೋರಿಸಿತು, ಮಾರ್ಚಿನಲ್ಲಿ ಹೋಯರ್, ಬ್ರೈಟ್ಲಿಂಗ್ ಮತ್ತು ಜೊತೆಗಾರರು ಕ್ಯಾಲಿಬರ್ 11 ತಂದರು, ಜಪಾನಿನ ಸೈಕೊ 6139 ಅದೇ ವರ್ಷ ಮಾರಾಟಕ್ಕೆ ಬಂತು.

ಎಲ್ ಪ್ರೈಮೆರೊ ಕತೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅದು ಗಂಟೆಗೆ 36,000 ಸಲ ಮಿಡಿಯುತ್ತದೆ, ಅಂದರೆ ಸೆಕೆಂಡಿಗೆ ಹತ್ತು. ಹಾಗಾಗಿ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಅಳೆಯಬಲ್ಲದು. ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ವಾಚುಗಳ ಹೊಡೆತಕ್ಕೆ ಸಿಕ್ಕಿ 1970ರ ದಶಕದ ನಡುವೆ ಇದರ ತಯಾರಿಕೆ ನಿಲ್ಲಿಸಿ, ಉಪಕರಣಗಳನ್ನು ತೆಗೆದುಹಾಕಿ ಎಂದು ಮಾಲೀಕರ ಅಪ್ಪಣೆಯಾಯಿತು. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಕಾರ್ಖಾನೆಯಲ್ಲಿದ್ದ ಶಾರ್ಲ್ ವೆರ್ಮೊ ಎಂಬ ಕುಶಲಕರ್ಮಿ ಆ ಅಚ್ಚುಗಳನ್ನೂ ಉಪಕರಣಗಳನ್ನೂ ಒಂದೊಂದಾಗಿ ಹೊತ್ತು, ಹೆಸರು ಬರೆದು, ಅಟ್ಟದಲ್ಲಿ ಬಚ್ಚಿಟ್ಟ. 1980ರ ದಶಕದಲ್ಲಿ ಮತ್ತೆ ಬೇಡಿಕೆ ಬಂದಾಗ ಅವನ್ನೇ ಕೆಳಗಿಳಿಸಿ ತಯಾರಿಕೆ ಶುರು ಮಾಡಿದರು. 1988ರ ಡೇಟೋನಾದಲ್ಲಿ ರೋಲೆಕ್ಸ್ ಹಾಕಿದ್ದು ಇದೇ ಮೂವ್‌ಮೆಂಟ್, ವೇಗವನ್ನು 28,800ಕ್ಕೆ ಇಳಿಸಿ, ಸಾಕಷ್ಟು ಬದಲಿಸಿ. ನೀವು ಒಂದು ಜೆನಿತ್ ಅನ್ನೂ 1990ರ ದಶಕದ ಒಂದು ಡೇಟೋನಾವನ್ನೂ ಪಕ್ಕಪಕ್ಕ ಇಟ್ಟುಕೊಂಡು ಯೋಚಿಸುತ್ತಿದ್ದರೆ, ಎರಡರ ಎದೆಯಲ್ಲೂ ಆ ಅಟ್ಟದ ನಂಟಿದೆ. ಬೆಲೆಯ ಅಂತರ ಯಾತಕ್ಕೆ ಕೊಡುತ್ತಿದ್ದೀರಿ ಎಂದು ಆಗ ನಿಮಗೇ ಸ್ಪಷ್ಟವಾಗುತ್ತದೆ.

ಬಹಳಷ್ಟು ಕಂಪನಿಗಳ ವಾಚಿನಲ್ಲಿ ಸಿಗುವ ಇನ್ನೊಂದು ಹೆಸರು ವಾಲ್‌ಜೂ 7750. ಎಡ್ಮಂಡ್ ಕಾಪ್ಟ್ ರೂಪಿಸಿದ ಇದು 1970ರ ದಶಕದ ಆರಂಭದಲ್ಲಿ ಬಂತು. ಇದರ ರೋಟರ್ (ಕೈಯ ಚಲನೆಗೆ ಸುತ್ತುವ ತೂಕದ ಬಿಲ್ಲೆ) ಒಂದೇ ದಿಕ್ಕಿನಲ್ಲಿ ಕೀಲಿ ಕೊಡುತ್ತದೆ, ಇನ್ನೊಂದು ದಿಕ್ಕಿನಲ್ಲಿ ಸುಮ್ಮನೆ ಗಿರ್ರನೆ ಸುತ್ತುತ್ತದೆ. ಕೈ ಅಲ್ಲಾಡಿಸಿದಾಗ ವಾಚು ಮಣಿಕಟ್ಟಿನ ಮೇಲೆ ನಡುಗಿದಂತೆ ಅನ್ನಿಸುವುದು ಅದಕ್ಕೇ. ಅದು ದೋಷವಲ್ಲ. ಮೂವ್‌ಮೆಂಟೇ 7.9 ಮಿ.ಮೀ. ದಪ್ಪ ಇರುವುದರಿಂದ ವಾಚೂ ದಪ್ಪವಾಗುತ್ತದೆ, ಅಂಗಿಯ ತೋಳಿನೊಳಗೆ ಹೋಗುತ್ತದೋ ಇಲ್ಲವೋ ನೋಡಿಕೊಳ್ಳಿ.

ಅಳತೆಯ ವಿಷಯಕ್ಕೆ ಬಂದರೆ, ಕೇಸಿನ ಅಗಲ ಒಂದನ್ನೇ ನಂಬಬೇಡಿ. ಬೆಲ್ಟು ಕೂರುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ನಿಮ್ಮ ಮಣಿಕಟ್ಟಿನ ಮೇಲ್ಭಾಗದ ಅಗಲವನ್ನು ಮೀರಬಾರದು. ಸ್ಪೀಡ್‌ಮಾಸ್ಟರ್ 42 ಮಿ.ಮೀ. ಎಂದು ಕೇಳಿ ನಾನು ಮೊದಲು ಹಿಂಜರಿದಿದ್ದೆ. ಅದರ ಕೊಂಬುಗಳು ಕೆಳಕ್ಕೆ ಬಾಗಿರುವುದರಿಂದ ನನ್ನ ಸಣ್ಣ ಕೈಗೂ ಚೆನ್ನಾಗಿ ಒಗ್ಗಿತು. ರಟ್ಟಿನಲ್ಲಿ ಅದೇ ಅಳತೆಯ ಆಕಾರ ಕತ್ತರಿಸಿ ಕೈಮೇಲೆ ಇಟ್ಟು ನೋಡಿದರೂ ಅರ್ಧ ಉತ್ತರ ಸಿಗುತ್ತದೆ.

ಡಯಲಿನ ಸುತ್ತಲಿನ ಅಳತೆಪಟ್ಟಿಯೂ ನಿಮ್ಮ ಆಯ್ಕೆಯೇ. ಟ್ಯಾಕಿಮೀಟರ್ ವೇಗ ಹೇಳುತ್ತದೆ: ಒಂದು ಕಿಲೋಮೀಟರ್ ಕಲ್ಲಿನ ಬಳಿ ಶುರು ಮಾಡಿ ಮುಂದಿನ ಕಲ್ಲಿನ ಬಳಿ ನಿಲ್ಲಿಸಿದಾಗ 30 ಸೆಕೆಂಡಾಗಿದ್ದರೆ ಮುಳ್ಳು 120ರ ಮೇಲಿರುತ್ತದೆ, 45 ಆಗಿದ್ದರೆ 80ರ ಮೇಲೆ. ಟೆಲಿಮೀಟರ್ ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತಿನಿಂದ ಮಿಂಚು ಎಷ್ಟು ದೂರ ಎಂದು ಹೇಳುತ್ತದೆ. ನಾಡಿಬಡಿತ ಹೇಳುವ ಪಲ್ಸೋಮೀಟರ್ ವೈದ್ಯರಿಗಾಗಿ ಹುಟ್ಟಿದ್ದು.

ದುಡ್ಡು

ಕೈಯಲ್ಲಿರುವ ಹಣದಲ್ಲಿ ಒಂದು ಪೂರ್ತಿ ಸರ್ವೀಸಿನ ಖರ್ಚನ್ನು ಮೊದಲೇ ಬೇರೆ ಇಡಿ. ಉಳಿದದ್ದು ನಿಮ್ಮ ಬಜೆಟ್. ಇನ್ನೂರಕ್ಕೂ ಹೆಚ್ಚು ತುಣುಕುಗಳಿರುವ ಈ ಯಂತ್ರದ ಸರ್ವೀಸ್ ಸಾಧಾರಣ ಮೂರು ಮುಳ್ಳಿನ ವಾಚಿಗಿಂತ ಬಹಳ ದುಬಾರಿ. ಯಾರು ಸರ್ವೀಸ್ ಮಾಡಿಕೊಡುತ್ತಾರೆ ಎಂಬುದನ್ನು ವಾಚು ಕೊಳ್ಳುವ ಮೊದಲೇ ಹೋಗಿ ವಿಚಾರಿಸಿ. ಬಿಡಿಭಾಗ ಸಿಗದ ವಾಚು ಎಷ್ಟು ಅಗ್ಗವಾದರೂ ದುಬಾರಿಯೇ. ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕ ಇಟ್ಟುಕೊಂಡು ಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಹೊಸದೋ, ಕೈ ಬದಲಾದದ್ದೋ, ಹಳೆಯ ಕಾಲದ್ದೋ

ಹೊಸದಾದರೆ ವಾರಂಟಿ ಇದೆ, ನೆಮ್ಮದಿ ಇದೆ. ಕೆಲವು ಮಾದರಿಗಳಿಗೆ ಮಾತ್ರ ಹೆಸರು ಬರೆಸಿ ಕಾಯಬೇಕು. ಒಂದು ಕಡೆ ನನಗೆ, 'ಈ ಒಡವೆ ತಗೊಳ್ಳಿ, ಆ ಇನ್ನೊಂದು ವಾಚು ತಗೊಳ್ಳಿ, ನಿಮ್ಮ ಹೆಸರು ಮೇಲೆ ಬರುತ್ತೆ' ಎಂದರು. ನಾನು ಎದ್ದು ಬಂದೆ. ಬೇಡದ್ದನ್ನು ಕೊಂಡು ಬೇಕಾದದ್ದಕ್ಕೆ ಕಾಯುವುದು ನನ್ನ ಮಟ್ಟಿಗೆ ಸಂಗ್ರಹವಲ್ಲ.

ಹತ್ತು ಹದಿನೈದು ವರ್ಷ ಹಳೆಯ, ಒಬ್ಬರೇ ಬಳಸಿದ, ಸರ್ವೀಸಿನ ರಸೀದಿ ಇರುವ ವಾಚು ಮೊದಲ ಸಲ ಕೊಳ್ಳುವವರಿಗೆ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾಲದ್ದು ಬೇಕೆಂದರೆ ಓದಬೇಕು, ತಿಂಗಳುಗಟ್ಟಲೆ. ಇಲ್ಲಿನ ದೊಡ್ಡ ಅಪಾಯ ಪೂರ್ತಿ ನಕಲಿಗಿಂತ ಕೂಡಿಸಿ ಕಟ್ಟಿದ ವಾಚು. ಭಾಗಗಳೆಲ್ಲ ಅಸಲಿಯಂತೆಯೇ ಕಾಣುತ್ತವೆ, ಬೇರೆ ಬೇರೆ ವಾಚುಗಳಿಂದ ಬಂದಿರುತ್ತವೆ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಒಂದು ಸ್ಪೀಡ್‌ಮಾಸ್ಟರ್, ಮಾದರಿ ಸಂಖ್ಯೆ 2915-1, 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಮಾರಾಟವಾಯಿತು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂ. ಅದು ಹೀಗೆ ಕೂಡಿಸಿ ಕಟ್ಟಿದ ವಾಚು ಎಂದು 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು. ತಯಾರಿಸಿದವರ ಮ್ಯೂಸಿಯಮ್ಮಿಗೇ ಹೀಗಾಗುವುದಾದರೆ ನಾವು ಎಷ್ಟು ಎಚ್ಚರವಾಗಿರಬೇಕು, ಯೋಚಿಸಿ.

ಹೋಗಿ ನೋಡುವ ಮೊದಲು

ಆಯ್ದ ಮಾದರಿಯ ಗುರುತುಗಳ ಪಟ್ಟಿಯನ್ನು ನಿಮ್ಮ ಕೈಯಾರೆ ಬರೆದುಕೊಳ್ಳಿ. ನಾನು ಹುಡುಕುತ್ತಿದ್ದದ್ದು 145.022 ಎಂಬ ಮಾದರಿ ಸಂಖ್ಯೆಯ ಸ್ಪೀಡ್‌ಮಾಸ್ಟರ್. ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿತ್ತು: ಮೂವ್‌ಮೆಂಟ್ 861, ತಾಮ್ರದ ಬಣ್ಣದ್ದು, ಸೀರಿಯಲ್ ಸಂಖ್ಯೆ ಮೂವ್‌ಮೆಂಟಿನ ಮೇಲೆ, ಮಾದರಿ ಸಂಖ್ಯೆ ಹಿಂಬದಿಯ ಮುಚ್ಚಳದ ಒಳಗೆ, ಡಯಲಿನ ಕೆಳತುದಿಯಲ್ಲಿ 'ಟಿ' ಅಕ್ಷರ, ಗಾಜು ಆಕ್ರಿಲಿಕ್, ಅದರ ನಡುವೆ ಕೆತ್ತಿದ ಒಮೆಗಾ ಗುರುತು. ಗಾಜಿನ ಸುತ್ತಲಿನ ಬಳೆಯಾದ ಬೆಜೆಲಿನ ಟ್ಯಾಕಿಮೀಟರಿನಲ್ಲಿ 90 ಎಂಬ ಅಂಕೆಯ ಚುಕ್ಕೆ ಎಲ್ಲಿದೆ ಎಂಬುದೂ ಪಟ್ಟಿಯಲ್ಲಿತ್ತು. ಸುಮಾರು 1970ರವರೆಗಿನ ಬೆಜೆಲುಗಳಲ್ಲಿ ಆ ಚುಕ್ಕೆ ಅಂಕೆಯ ಮೇಲುಗಡೆ ಇರುತ್ತದೆ, ಆಮೇಲಿನವುಗಳಲ್ಲಿ ಪಕ್ಕದಲ್ಲಿ. ಮೇಲೆ ಚುಕ್ಕೆಯಿರುವ ಹಳೆಯ ಬೆಜೆಲಿಗೇ ಪ್ರತ್ಯೇಕ ಬೆಲೆ ಇದೆ. ಅಂಥದ್ದನ್ನು ಈಚಿನ ವಾಚಿಗೆ ಹಾಕಿ ಮಾರುವುದೂ ಉಂಟು.

'ಟಿ' ಅಕ್ಷರ ಯಾಕೆಂದರೆ, ಕತ್ತಲಲ್ಲಿ ಹೊಳೆಯಲು 1960ರ ದಶಕದಿಂದ 1990ರ ದಶಕದವರೆಗೆ ಟ್ರಿಟಿಯಂ ಬಳಸುತ್ತಿದ್ದರು. ಅದಕ್ಕೂ ಹಿಂದೆ ರೇಡಿಯಂ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ, ಹಾಗಾಗಿ ಹಳೆಯ ಡಯಲು ಈಗ ತಾನಾಗಿ ಹೊಳೆಯುವುದಿಲ್ಲ. ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಐವತ್ತು ವರ್ಷದ ಡಯಲು ಟಾರ್ಚ್ ಆರಿಸಿದ ಮೇಲೂ ನಿಮಿಷಗಟ್ಟಲೆ ಹಸಿರಾಗಿ ಬೆಳಗುತ್ತಿದ್ದರೆ ಯಾರೋ ಹೊಸ ಬಣ್ಣ ಬಳಿದಿದ್ದಾರೆ. ಮುಳ್ಳಿನ ಮೇಲಿನ ಬಣ್ಣವೂ ಡಯಲಿನ ಚುಕ್ಕೆಗಳ ಬಣ್ಣವೂ ಒಂದೇ ಹದದಲ್ಲಿ ಹಳದಿಯಾಗಿವೆಯೇ ಎಂದೂ ನೋಡಿ. ರೇಡಿಯಂ ಇರುವ ವಾಚನ್ನು ಮಾತ್ರ ಮನೆಯಲ್ಲಿ ಎಂದೂ ಬಿಚ್ಚಬೇಡಿ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ಪುಡಿ ಸತ್ತಿರುವುದಿಲ್ಲ, ಉಸಿರಿನೊಂದಿಗೆ ಒಳಗೆ ಹೋದರೆ ಅಪಾಯ.

ಮಾರುವವರಿಂದ ಮೂರು ವಿಡಿಯೊ ಕೇಳಿ: ಮುಚ್ಚಳ ತೆಗೆದ ಮೂವ್‌ಮೆಂಟ್, ಕ್ರೋನೋಗ್ರಾಫ್ ಶುರುವಾಗಿ ಎರಡು ನಿಮಿಷ ಓಡಿ ಸೊನ್ನೆಗೆ ಬರುವುದು, ಮತ್ತು ವಾಚಿನ ಮಿಡಿತವನ್ನು ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಪರದೆ. ಕೊಡಲು ಮೀನಮೇಷ ಎಣಿಸುವವರನ್ನು ಅಲ್ಲಿಗೇ ಬಿಡಿ. ಫೋಟೊದಲ್ಲಿ ಕೇಸಿನ ಅಂಚುಗಳನ್ನು ಗಮನಿಸಿ. ಪದೇ ಪದೇ ಪಾಲಿಶ್ ಮಾಡಿದ ಕೇಸು ನದಿಯ ಕಲ್ಲಿನ ಹಾಗೆ ದುಂಡಗಾಗಿರುತ್ತದೆ. ಗೀರುಗಳಿರುವ ಚೂಪು ಅಂಚು, ಥಳಥಳಿಸುವ ದುಂಡು ಅಂಚಿಗಿಂತ ಎಷ್ಟೋ ಮೇಲು. ಸವೆದ ಲೋಹವನ್ನು ಮತ್ತೆ ತರಲು ಬಹಳ ಪರಿಣತರಾದ ಕೆಲವೇ ಕೈಗಳಿಂದ ಸಾಧ್ಯ.

ಮೇಜಿನ ಮೇಲೆ ಒಂದು ಗಂಟೆ

ಇದೇ ಮುಖ್ಯ ಭಾಗ. ಹತ್ತು ನಿಮಿಷದಲ್ಲಿ ಮುಗಿಸುವಂತೆ ಯಾರಾದರೂ ಅವಸರಪಡಿಸಿದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಮೆತ್ತನೆಯ ಬಟ್ಟೆ, ಪೆನ್ನು, ಪುಸ್ತಕ ಜೊತೆಗಿರಲಿ.

1. ಕೈಕೀಲಿಯ ವಾಚಾದರೆ ನಿಧಾನವಾಗಿ ಕೀಲಿ ಕೊಡಿ. ಸದ್ದು ಒಂದೇ ಸಮ ಇರಬೇಕು, ಮರಳು ಸಿಕ್ಕಂತೆ ಕರಕರ ಎನ್ನಬಾರದು. ತುಂಬಿದಾಗ ಗಟ್ಟಿಯಾಗಿ ನಿಲ್ಲಬೇಕು. ಅಲ್ಲಿಂದ ಮುಂದೆ ಒತ್ತಾಯ ಬೇಡ.

2. ಏನನ್ನೂ ಒತ್ತದೆ, ಕ್ರೋನೋಗ್ರಾಫಿನ ಎಲ್ಲ ಮುಳ್ಳುಗಳೂ ಸೊನ್ನೆಯ ಮೇಲಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

3. ಶುರು ಮಾಡಿ. ಗುಂಡಿ ಒಳಹೋಗುವ ದಾರಿ, ತಡೆ, ಆಮೇಲೆ ಸಿಡಿಯುವ ಆ ಕ್ಷಣ ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಮುಳ್ಳು ತಡಮಾಡದೆ ಹೊರಡಬೇಕು. ಅಡ್ಡ ಕ್ಲಚ್ಚಿನಲ್ಲಿ ಹಲ್ಲಿನಷ್ಟು ಕುಪ್ಪಳಿಸಿದರೆ ಚಿಂತೆಯಿಲ್ಲ. ಒಂದು ಸೆಕೆಂಡಿನಷ್ಟು ಹಾರಿದರೆ ಅಥವಾ ನಡುಗುತ್ತಾ ಸಾಗಿದರೆ ಬರೆದುಕೊಳ್ಳಿ. ಸದಾ ಓಡುವ ಪುಟ್ಟ ಸೆಕೆಂಡು ಮುಳ್ಳು ಆ ಗಳಿಗೆಯಲ್ಲಿ ತಡವರಿಸಬಾರದು.

4. ಅರವತ್ತಕ್ಕೆ ಕಾಯಿರಿ. ನನ್ನ 861ರಲ್ಲಿ 58ನೇ ಸೆಕೆಂಡಿನ ಹೊತ್ತಿಗೆ ನಿಮಿಷದ ಮುಳ್ಳು ಎಚ್ಚರಗೊಂಡಂತೆ ಮಿಸುಕಾಡುತ್ತದೆ, 60 ಆಗುವಾಗ ಟಕ್ಕನೆ ಮುಂದಿನ ಗೆರೆಗೆ ಹೋಗಿ ಕೂರುತ್ತದೆ. ಕೆಲವು ಮೂವ್‌ಮೆಂಟುಗಳಲ್ಲಿ ಅದು ಜಿಗಿಯದೆ ಜಾರುತ್ತದೆ. ನಿಮ್ಮದರ ಸ್ವಭಾವ ಯಾವುದೆಂದು ಮೊದಲೇ ತಿಳಿದಿರಬೇಕು. ಎರಡು ಗೆರೆಗಳ ನಡುವೆ ಮುಳ್ಳು ಸಿಕ್ಕಿಕೊಂಡರೆ, ನನ್ನ ಮೊದಲ ವಾಚಿನಂತೆ ಅಲುಗಾಡದೇ ಇದ್ದರೆ, ಮುಚ್ಚಳ ತೆಗೆಯಲೇಬೇಕು.

5. ಹಾಗೇ ಓಡಲು ಬಿಡಿ, ಅರ್ಧ ಗಂಟೆಯಾದರೂ. ಬಹಳ ಜನ ತಪ್ಪುವುದು ಇಲ್ಲಿ. ಒಂದೆರಡು ನಿಮಿಷ ಓಡಿಸಿ ತೃಪ್ತರಾಗುತ್ತಾರೆ. ಸೋತ ವಾಚು ಇಪ್ಪತ್ತು ನಿಮಿಷದ ಮೇಲೆ ನಿಲ್ಲುತ್ತದೆ. ಗಂಟೆಯ ಎಣಿಕೆ ಇದ್ದರೆ ಅದೂ ತನ್ನ ಅರ್ಧ ದಾರಿ ಸಾಗಿರಬೇಕು.

6. ನಿಲ್ಲಿಸಿ. ನಿಂತ ಮುಳ್ಳು ಹಿಂದಕ್ಕಾಗಲಿ ಮುಂದಕ್ಕಾಗಲಿ ಜಾರಬಾರದು. ಮಣಿಕಟ್ಟನ್ನು ಮೆಲ್ಲಗೆ ತಟ್ಟಿ ನೋಡಿ. ಮತ್ತೆ ಶುರು ಮಾಡಿ, ನಿಂತಲ್ಲಿಂದಲೇ ಮುಂದುವರಿಯಬೇಕು.

7. ನಿಲ್ಲಿಸಿದ ಮೇಲೆ ಸೊನ್ನೆಗೆ ತನ್ನಿ. ಒಂದು ಸಲ ಸರಿ ಬಂದರೆ ಸಾಲದು. 10, 20, 35, 50ನೇ ಸೆಕೆಂಡುಗಳಲ್ಲಿ ನಿಲ್ಲಿಸಿ ನಿಲ್ಲಿಸಿ ಹತ್ತು ಸಲ ಮಾಡಿ. ಪ್ರತಿ ಸಲವೂ ಒಂದೇ ಕಡೆ ಅರ್ಧ ಗೆರೆ ಆಚೆ ನಿಂತರೆ ಮುಳ್ಳನ್ನು ಕೂರಿಸುವಾಗ ಆದ ತಪ್ಪು, ಸುಲಭವಾಗಿ ಸರಿಯಾಗುತ್ತದೆ. ಒಮ್ಮೊಮ್ಮೆ ಒಂದೊಂದು ಕಡೆ ನಿಂತರೆ ಮುಳ್ಳು ಸಡಿಲಾಗಿದೆ, ಇಲ್ಲವೇ ಸುತ್ತಿಗೆಯೋ ಹೃದಯದ ಕ್ಯಾಮೋ ಸವೆದಿದೆ. ಓಡುತ್ತಿರುವಾಗಲೇ ಕೆಳಗಿನ ಗುಂಡಿಯನ್ನು ಬಲವಂತವಾಗಿ ಒತ್ತಬೇಡಿ. ಫ್ಲೈಬ್ಯಾಕ್ ಎಂಬ ವಿಧದ ವಾಚುಗಳನ್ನು ಮಾತ್ರ ಅದಕ್ಕೆಂದೇ ಮಾಡಿರುತ್ತಾರೆ.

8. ಟೈಮ್‌ಗ್ರಾಫರ್ ಮೇಲೆ ಇಡಿಸಿ, ಕ್ರೋನೋಗ್ರಾಫ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ. ಪೂರ್ತಿ ಕೀಲಿ ಇದ್ದು ಡಯಲು ಮೇಲಾಗಿ ಮಲಗಿಸಿದಾಗ ಅತ್ತಿತ್ತ ಓಲಾಡಿ ಹೊತ್ತು ಕಾಯುವ ಬ್ಯಾಲೆನ್ಸ್ ಚಕ್ರದ ಓಲಾಟ 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ. ಅಡ್ಡ ಕ್ಲಚ್ಚಿನ ವಾಚಿನಲ್ಲಿ ಕ್ರೋನೋಗ್ರಾಫ್ ಓಡುವಾಗ ಅದು ಸ್ವಲ್ಪ ಇಳಿಯುವುದು ಸಹಜ. ನನ್ನದು 284ರಿಂದ 262ಕ್ಕೆ ಇಳಿಯಿತು. ಐವತ್ತು ಅರವತ್ತು ಡಿಗ್ರಿ ಬಿದ್ದರೆ ಒಳಗೆ ತಿಕ್ಕಾಟವಿದೆ. ಯಂತ್ರಕ್ಕೆ ಆ ಮೂವ್‌ಮೆಂಟಿನ ಸರಿಯಾದ ಲಿಫ್ಟ್ ಆಂಗಲ್ (ಓಲಾಟವನ್ನು ಲೆಕ್ಕ ಹಾಕಲು ಬೇಕಾದ ಕೋನ) ಕೊಟ್ಟಿದ್ದಾರೋ ಕೇಳಿ, ತಪ್ಪು ಕೊಟ್ಟರೆ ಓಲಾಟದ ಅಂಕಿಯೂ ತಪ್ಪು.

9. ಕೊನೆಗೆ ಮುಚ್ಚಳ ತೆಗೆಸಿ, ನಿಮ್ಮ ಪಟ್ಟಿ ತೆರೆದಿಟ್ಟುಕೊಂಡು ಒಂದೊಂದನ್ನೇ ಟಿಕ್ ಮಾಡಿ. ಸ್ಕ್ರೂ ತಲೆಗಳನ್ನು ನೋಡಿ. ಒಳಗೆ ಎಂಥ ಕೈಗಳು ಆಡಿವೆ ಎಂದು ಅವೇ ಹೇಳುತ್ತವೆ.

ನನ್ನ ಮೂರನೆಯ ಭೇಟಿಯಲ್ಲಿ ಎಲ್ಲವೂ ಟಿಕ್ ಆಗಿತ್ತು, ಒಂದನ್ನು ಬಿಟ್ಟು. ಗಾಜಿನ ನಡುವೆ ಇರಬೇಕಾದ ಒಮೆಗಾ ಗುರುತು ಕಾಣುತ್ತಿರಲಿಲ್ಲ. ಭೂತಗನ್ನಡಿ ಹಿಡಿದು, ವಾಚನ್ನು ಕಿಟಕಿಯ ಬೆಳಕಿಗೆ ಓರೆ ಮಾಡುತ್ತಾ ಹೋದೆ. ಮುಳ್ಳುಗಳ ಅಚ್ಚಿನ ನೇರ ಮೇಲೆ, ಸಾಸಿವೆ ಕಾಳಿಗಿಂತ ಚಿಕ್ಕದಾಗಿ, ಒಂದು ಕೋನದಲ್ಲಿ ಮಾತ್ರ ಅದು ಮಿನುಗಿ ಮರೆಯಾಯಿತು. ಮತ್ತೆ ಓರೆ ಮಾಡಿದೆ, ಮತ್ತೆ ಮಿನುಗಿತು. ನನ್ನ ಉಸಿರಿಗೆ ಗಾಜು ಮಂಜಾಗಿ, ಒರೆಸಿ, ಮೂರನೆಯ ಸಲವೂ ನೋಡಿದೆ. ಮಾರುತ್ತಿದ್ದ ಹಿರಿಯರು ನಗುತ್ತಾ, 'ಸಿಕ್ತಾ? ನನಗೂ ಅದು ಕಾಣೋಕೆ ಎಷ್ಟೋ ವರ್ಷ ಆಗಿತ್ತು' ಎಂದರು.

ಕಾಗದ, ಹಣ, ಹಸ್ತಾಂತರ

ಡಬ್ಬಿ ಮತ್ತು ವಾರಂಟಿ ಕಾರ್ಡ್ ಇದ್ದರೆ ಒಳ್ಳೆಯದು, ಅವೇ ಪುರಾವೆಯಲ್ಲ. ನಕಲಿ ಕಾರ್ಡುಗಳು ಬೇಕಾದಷ್ಟಿವೆ. ಕಾರ್ಡಿನ ಸಂಖ್ಯೆ, ವಾಚಿನ ಸಂಖ್ಯೆ, ರಸೀದಿಯ ಸಂಖ್ಯೆ ಮೂರೂ ತಾಳೆಯಾಗಬೇಕು. ಲಾಂಜೀನ್, ಪಾಟೆಕ್ ಫಿಲಿಪ್‌ನಂಥ ಕೆಲವು ಕಂಪನಿಗಳು ಹಳೆಯ ಲೆಡ್ಜರುಗಳನ್ನು ನೋಡಿ, ಆ ಸಂಖ್ಯೆಯ ವಾಚು ಯಾವಾಗ ಹೊರಹೋಯಿತು ಎಂದು ಬರೆದುಕೊಡುತ್ತವೆ. ಕದ್ದ ವಾಚುಗಳ ಸಂಖ್ಯೆಗಳನ್ನು ದಾಖಲಿಸಿಡುವ ಸಂಸ್ಥೆಗಳಿವೆ, ಅಲ್ಲಿಯೂ ಒಮ್ಮೆ ಪರೀಕ್ಷಿಸಿ. ಮಾದರಿ, ಸೀರಿಯಲ್ ಸಂಖ್ಯೆ, ಬದಲಾದ ಭಾಗಗಳು, ಹಿಂದಿರುಗಿಸುವ ಗಡುವು ಇವಿಷ್ಟೂ ಇರುವ ಬಿಲ್ಲನ್ನು ಕೇಳಿ ಪಡೆಯಿರಿ. ಬೇರೆ ದೇಶದಿಂದ ತರಿಸುವುದಾದರೆ ಸುಂಕವನ್ನು ಲೆಕ್ಕಕ್ಕೆ ಸೇರಿಸಿಯೇ ಬೆಲೆ ಮಾತಾಡಿ. ದೂರದಿಂದ ಕೊಳ್ಳುವಾಗ, ನೀವು ವಾಚು ನೋಡಿ ಒಪ್ಪುವವರೆಗೆ ಹಣವನ್ನು ಮೂರನೆಯವರು ಹಿಡಿದಿಡುವ ವ್ಯವಸ್ಥೆ ಇರಲಿ. ಇದನ್ನು ನಾನು ನಷ್ಟಪಟ್ಟು ಕಲಿತದ್ದು.

ಮೊದಲ ತಿಂಗಳು

ದಿನವೂ ಒಂದೇ ಹೊತ್ತಿಗೆ, ಫೋನಿನ ಗಡಿಯಾರಕ್ಕೆ ಹೋಲಿಸಿ, ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಎಂದು ಬರೆಯಿರಿ. ವಾಚಿನ ನಿಖರತೆಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರದ ಮಿತಿ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ. ಐವತ್ತು ವರ್ಷದ ವಾಚು ದಿನಕ್ಕೆ ಹತ್ತು ಸೆಕೆಂಡು ಮುಂದಿದ್ದರೂ, ದಿನವೂ ಅದೇ ಹತ್ತಾಗಿದ್ದರೆ, ನನಗೆ ಸಂತೋಷವೇ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಅಯಸ್ಕಾಂತ ತಗುಲಿರಬಹುದು: ಬ್ಯಾಗಿನ ಗುಂಡಿ, ಸ್ಪೀಕರ್, ಫೋನಿನ ಕವರ್. ದಿಕ್ಸೂಚಿಯ ಪಕ್ಕಕ್ಕೆ ತಂದಾಗ ಅದರ ಮುಳ್ಳು ಜೋರಾಗಿ ತಿರುಗಿದರೆ ಅನುಮಾನ ನಿಜ, ರಿಪೇರಿಯವರು ನಿಮಿಷದಲ್ಲಿ ಅದನ್ನು ತೆಗೆದುಕೊಡುತ್ತಾರೆ.

ತಾರೀಖು ಇರುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ಅದನ್ನು ಕೈಯಿಂದ ಬದಲಿಸಬೇಡಿ, ಆ ಹೊತ್ತಿನಲ್ಲಿ ಚಕ್ರಗಳು ಕಚ್ಚಿಕೊಂಡಿರುತ್ತವೆ. ನೀರಿನೊಳಗೆ ಗುಂಡಿ ಒತ್ತಲೇಬಾರದು. ಅಡ್ಡ ಕ್ಲಚ್ಚಿನ ವಾಚಿನ ಕ್ರೋನೋಗ್ರಾಫನ್ನು ಸುಮ್ಮನೆ ದಿನವಿಡೀ ಓಡಿಸಬೇಡಿ. ಹಾಗೆಂದು ತಿಂಗಳುಗಟ್ಟಲೆ ಒತ್ತದೆಯೂ ಇಡಬೇಡಿ, ಎಣ್ಣೆ ಜಡವಾಗುತ್ತದೆ. ವಾರಕ್ಕೊಮ್ಮೆಯಾದರೂ ಓಡಲಿ. 1970ರ ಏಪ್ರಿಲಿನಲ್ಲಿ ಅಪೋಲೊ 13 ನೌಕೆ ಕೆಟ್ಟು, ಎಂಜಿನನ್ನು ಲೆಕ್ಕ ಹಿಡಿದು 14 ಸೆಕೆಂಡು ಉರಿಸಬೇಕಾದಾಗ ಗಗನಯಾತ್ರಿಗಳು ನೆಚ್ಚಿದ್ದು ಕೈಯಲ್ಲಿದ್ದ ಸ್ಪೀಡ್‌ಮಾಸ್ಟರನ್ನು. ಅದಕ್ಕೂ ಐದು ವರ್ಷ ಮೊದಲು ನಾಸಾ ಅದನ್ನು ಬಿಸಿ, ಚಳಿ, ನಡುಕ, ಆಘಾತಗಳಿಗೆಲ್ಲ ಒಡ್ಡಿ ಆರಿಸಿತ್ತು. ನನ್ನದು ಬೆಳಗಿನ ಚಹಾಕ್ಕೆ ನಾಲ್ಕು ನಿಮಿಷ ಎಣಿಸುತ್ತದೆ, ದಿನ ತಪ್ಪದೆ.

ಐದರಿಂದ ಏಳು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ. ಕೊಡುವಾಗ ಚೀಟಿಯಲ್ಲಿ ಸ್ಪಷ್ಟವಾಗಿ ಮೂರು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ: ಕೇಸು ಪಾಲಿಶ್ ಬೇಡ; ಡಯಲು, ಮುಳ್ಳು ಬದಲಿಸಬೇಡಿ; ಬದಲಿಸಲೇಬೇಕಾದ ಭಾಗ ಯಾವುದಾದರೂ ಹಳೆಯದನ್ನು ಪೊಟ್ಟಣದಲ್ಲಿ ಹಾಕಿ ವಾಪಸ್ ಕೊಡಿ. ಬಾಗಿದ ಆ ಪುಟ್ಟ ಲೋಹದ ಬೆರಳು ನನ್ನ ಬಳಿ ಈಗಲೂ ಅಂಥದೇ ಒಂದು ಪೊಟ್ಟಣದಲ್ಲಿದೆ, ರಸೀದಿಯ ಜೊತೆಗೆ ಪಿನ್ನು ಹಾಕಿ ಇಟ್ಟಿದ್ದೇನೆ.